ಬ್ಯಾಂಡ್‌ಕ್ಯಾಂಪ್: ಹಾಡು ಇಳಿಸಿಕೊಳ್ಳುವವರು ನೋಡಲೇಬೇಕಾದ ಅಂಗಡಿ

ನಾನು ಮದುವೆ, ಗಣೇಶೋತ್ಸವದ ಆರ್ಕೆಸ್ಟ್ರಾಗಳಲ್ಲಿ ಕೀಬೋರ್ಡ್ ನುಡಿಸುತ್ತೇನೆ. ಉಳಿದ ದಿನ ಮಕ್ಕಳಿಗೆ ಪಾಠ. ನನಗೆ ಹಾಡಿನ ಫೈಲ್ ಕೈಯಲ್ಲೇ ಇರಬೇಕು. ಒಂದು ಬಿಜಿಎಂ (ಹಿನ್ನೆಲೆ ಸಂಗೀತ) ತುಣುಕನ್ನು ನಿಧಾನ ಮಾಡಿ ಮತ್ತೆ ಮತ್ತೆ ಕೇಳಬೇಕು, ಶ್ರುತಿ ಇಳಿಸಿ ನೋಡಬೇಕು. ಸ್ಟ್ರೀಮಿಂಗ್ ಆ್ಯಪ್‌ನಲ್ಲಿ ಡೌನ್‌ಲೋಡ್ ಮಾಡಿದ ಹಾಡು ಆ್ಯಪ್ ಬಿಟ್ಟು ಹೊರಗೆ ಬರುವುದಿಲ್ಲ. ಚಂದಾ ನಿಂತರೆ ಹಾಡೂ ನಿಲ್ಲುತ್ತದೆ. ಅದಕ್ಕೇ ನಮ್ಮ ವಾದ್ಯದವರಲ್ಲೂ ಎಷ್ಟೋ ಜನ ಪುಕ್ಕಟೆ ಎಂಪಿ3 ಸೈಟ್ ಹುಡುಕುತ್ತಾರೆ. ನುಡಿಸಿ ಬದುಕುವವರೇ ಹೀಗೆ ಮಾಡಿದರೆ ನನಗೆ ತುಂಬಾ ಬೇಜಾರಾಗುತ್ತದೆ.

ಬ್ಯಾಂಡ್‌ಕ್ಯಾಂಪ್ 2008ರಲ್ಲಿ ಶುರುವಾದ ಅಮೆರಿಕದ ಸೈಟ್. ಸಂಗೀತಗಾರರು, ಅವರ ಲೇಬಲ್‌ಗಳು (ಹಾಡು ಹೊರತರುವ ಕಂಪನಿಗಳು) ಇಲ್ಲಿ ತಾವೇ ಬೆಲೆ ಹಾಕಿ ಮಾರುತ್ತಾರೆ. ದೆಹಲಿಯ ಪೀಟರ್ ಕ್ಯಾಟ್ ರೆಕಾರ್ಡಿಂಗ್ ಕಂಪನಿ ಎಂಬ ಬ್ಯಾಂಡ್ ಕೂಡ ಇಲ್ಲಿದೆ. ಸಾಮಾನ್ಯವಾಗಿ ಪೂರ್ತಿ ಹಾಡು ಕೇಳಿ ನೋಡಿ, ಆಮೇಲೆ ಕೊಳ್ಳಬಹುದು. ಎಂಪಿ3, ಫ್ಲ್ಯಾಕ್, ವೇವ್, ಯಾವುದು ಬೇಕೋ ಅದು. ಫೈಲ್‌ಗೆ ಯಾವ ಬೀಗವೂ ಇಲ್ಲ. ನಾನು ಫ್ಲ್ಯಾಕ್ ತೆಗೆದುಕೊಳ್ಳುತ್ತೇನೆ, ಅದರಲ್ಲಿ ಧ್ವನಿಯ ಗುಣಮಟ್ಟ ಕಡಿಮೆಯಾಗುವುದಿಲ್ಲ. ಬೇಸ್ ಗಿಟಾರ್ ಎಲ್ಲಿ ಹೋಗುತ್ತಿದೆ ಅಂತ ಸ್ಪಷ್ಟವಾಗಿ ಕೇಳುತ್ತದೆ.

ನನಗೆ ಜಾಸ್ತಿ ಇಷ್ಟವಾಗಿದ್ದು ಹಣದ ಲೆಕ್ಕ. ಡಿಜಿಟಲ್ ಮಾರಾಟದಲ್ಲಿ ಸೈಟ್ ಶೇ. 15 ಇಟ್ಟುಕೊಳ್ಳುತ್ತದೆ. ಪಾವತಿ ಶುಲ್ಕ ಕಳೆದು ಉಳಿದಿದ್ದು ಮಾರಿದವರಿಗೆ. 2020ರ ಮಾರ್ಚ್‌ನಲ್ಲಿ ಕೊರೊನಾದಿಂದ ಕಾರ್ಯಕ್ರಮಗಳೆಲ್ಲ ನಿಂತಾಗ, ಒಂದು ಶುಕ್ರವಾರ ತನ್ನ ಪಾಲನ್ನೂ ಬಿಟ್ಟುಕೊಟ್ಟಿತು. ಆ ‘ಬ್ಯಾಂಡ್‌ಕ್ಯಾಂಪ್ ಫ್ರೈಡೇ’ ಆಮೇಲೂ ಆಗಾಗ ನಡೆದಿದೆ.

ಕೆಲವರು ಕನಿಷ್ಠ ಬೆಲೆಯನ್ನೇ ಸೊನ್ನೆ ಇಟ್ಟಿರುತ್ತಾರೆ. ಅದನ್ನು ಹಣ ಕೊಡದೆ ಇಳಿಸಿಕೊಂಡರೆ ತಪ್ಪೇನಿಲ್ಲ. ಕೊಡ್ತೀನಿ ಅಂದಿದ್ದು ಹಾಡು ಮಾಡಿದವರೇ ಅಲ್ವಾ? ಪುಕ್ಕಟೆ ಸೈಟ್‌ನವರು ಅವರನ್ನು ಒಂದು ಮಾತೂ ಕೇಳಿರುವುದಿಲ್ಲ. ನನ್ನ ತಕರಾರು ಅಷ್ಟೇ.

‘ಕಾಪಿ ಮಾಡಿದ್ರೆ ಅವರ ಹಾಡೇನು ಖಾಲಿ ಆಗುತ್ತಾ ಸರ್?’ ಅಂತ ಹುಡುಗರು ಕೇಳುತ್ತಾರೆ. ಖಾಲಿ ಆಗಲ್ಲ. ಆದರೆ ಸ್ಟುಡಿಯೊ ಬಾಡಿಗೆ, ತಬಲಾ ನುಡಿಸಿದವರ ಸಂಭಾವನೆ, ಮಿಕ್ಸಿಂಗ್ ಖರ್ಚು, ಇದಕ್ಕೆಲ್ಲ ಹಾಡು ಹೊರಗೆ ಬರುವ ಮೊದಲೇ ಕೈಯಿಂದ ಹಣ ಹೋಗಿರುತ್ತದೆ. ಅದು ವಾಪಸ್ ಬರದಿದ್ದರೆ ಮುಂದಿನ ರೆಕಾರ್ಡಿಂಗ್‌ಗೆ ತಬಲಾದವರನ್ನು ಕರೆಯುವುದಿಲ್ಲ, ಲೂಪ್ (ಮೊದಲೇ ರೆಕಾರ್ಡ್ ಆಗಿರುವ, ಮತ್ತೆ ಮತ್ತೆ ಓಡುವ ತಾಳದ ತುಣುಕು) ಹಾಕಿ ಮುಗಿಸುತ್ತಾರೆ. ಸಿನಿಮಾ ಹಾಡಿನ ಹಣ ಕಂಪನಿಗೆ ತಾನೇ ಹೋಗೋದು ಅನ್ನುವವರೂ ಇದ್ದಾರೆ. ಆದರೆ ನಮ್ಮ ಕಾಪಿರೈಟ್ ಕಾಯ್ದೆಗೆ 2012ರಲ್ಲಿ ತಿದ್ದುಪಡಿ ಆಯಿತು. ಥಿಯೇಟರ್‌ನಲ್ಲಿ ಸಿನಿಮಾ ಓಡುವುದನ್ನು ಬಿಟ್ಟು ಬೇರೆ ಕಡೆ ಹಾಡು ಬಳಕೆಯಾದರೆ, ಬರೆದವರಿಗೂ ರಾಗ ಹಾಕಿದವರಿಗೂ ರಾಯಲ್ಟಿಯಲ್ಲಿ ಪಾಲು ಇದೆ. ಕಂಪನಿ ಆ ಪಾಲನ್ನು ತನ್ನ ಹೆಸರಿಗೆ ಬರೆಸಿಕೊಳ್ಳುವ ಹಾಗಿಲ್ಲ.

ಆದರೆ ಕನ್ನಡ ಸಿನಿಮಾ ಹಾಡು ಹುಡುಕುವವರಿಗೆ ಬ್ಯಾಂಡ್‌ಕ್ಯಾಂಪ್ ಸರಿಯಾದ ಜಾಗ ಅಲ್ಲ. ಅವುಗಳ ಹಕ್ಕು ಆಡಿಯೊ ಕಂಪನಿಗಳ ಹತ್ತಿರ ಇರುತ್ತದೆ. ಇಲ್ಲಿ ಸಿಗುವುದು ಹೆಚ್ಚಾಗಿ ಸ್ವತಂತ್ರ ಸಂಗೀತ. ಬೆಲೆ ಡಾಲರ್, ಯೂರೊಗಳಲ್ಲಿ. ಕಾರ್ಡ್‌ನಲ್ಲಿ ವಿದೇಶಿ ವ್ಯವಹಾರ ಆನ್ ಮಾಡಿಕೊಳ್ಳಬೇಕು.

ಇನ್ನೊಂದು ಚಿಂತೆ. ಸೈಟನ್ನು 2022ರಲ್ಲಿ ಎಪಿಕ್ ಗೇಮ್ಸ್ ಎಂಬ ವಿಡಿಯೊ ಗೇಮ್ ಕಂಪನಿ ಕೊಂಡಿತು, 2023ರಲ್ಲಿ ಸಾಂಗ್‌ಟ್ರೇಡರ್ ಎಂಬ ಸಂಗೀತ ಪರವಾನಗಿ ಕಂಪನಿಗೆ ಮಾರಿತು. ಆಗ ಹತ್ತಿರ ಹತ್ತಿರ ಅರ್ಧದಷ್ಟು ಸಿಬ್ಬಂದಿ ಕೆಲಸ ಕಳೆದುಕೊಂಡರು. ಮುಂದೆ ಯಾರ ಕೈಗೆ ಹೋಗುತ್ತದೋ ಹೇಳೋಕಾಗಲ್ಲ. ಕೊಂಡ ತಕ್ಷಣ ಫೈಲ್ ಇಳಿಸಿಕೊಂಡು, ಹಾರ್ಡ್ ಡಿಸ್ಕ್‌ನಲ್ಲಿ ಒಂದು ಪ್ರತಿ ಇಟ್ಟುಕೊಳ್ಳಿ.