ನಾಯಿ ಜೊತೆ ಬೈಕ್ ಪ್ರಯಾಣ: ಬ್ಯಾಗ್, ಪೆಟ್ಟಿಗೆ, ಸೈಡ್‌ಕಾರ್, ಸ್ಕೂಟರ್ – ನಮ್ಮ ರಸ್ತೆಗೆ ಯಾವುದು ಸರಿ?

ನಮ್ಮ ಚುಕ್ಕಿ ಅಪ್ಪಟ ನಾಡು ನಾಯಿ. ತೂಕ 13 ಕೆಜಿ, ಉದ್ದ ಕಾಲು, ಸಿಕ್ಕಾಪಟ್ಟೆ ಕುತೂಹಲ. ನಾವಿರುವುದು ಹಾಸನದಲ್ಲಿ. ನನ್ನದು ರಾಯಲ್ ಎನ್‌ಫೀಲ್ಡ್‌ನ ಹಿಮಾಲಯನ್ 411 ಬೈಕ್. ಹೆಂಡತಿ, ಮಗಳು ಸ್ಕೂಟರ್‌ನಲ್ಲಿ ಹಿಂದೆ ಬರುತ್ತಾರೆ. ರಜೆ ಸಿಕ್ಕರೆ ಸಕಲೇಶಪುರ ಕಡೆಗೋ ಚಿಕ್ಕಮಗಳೂರು ಕಡೆಗೋ ಹೊರಡುವ ಮನೆ ನಮ್ಮದು. ಚುಕ್ಕಿಯನ್ನು ಬಿಟ್ಟು ಹೋದರೆ ಪಕ್ಕದ ಮನೆಯವರು ಸಂಜೆಯವರೆಗೆ ಅವಳ ಕೂಗು ಕೇಳಬೇಕು. ಹಾಗಾಗಿ ಅವಳನ್ನು ಗಾಡಿಯಲ್ಲಿ ಕೂರಿಸಲು ಏನೇನು ದಾರಿ ಇದೆಯೋ ಎಲ್ಲವನ್ನೂ ಹಿಡಿದು ನೋಡಿದ್ದೇವೆ. ಟ್ಯಾಂಕ್ ಮೇಲಿನ ಬ್ಯಾಗ್, ಹಿಂದಿನ ಸೀಟಿನ ಜಾಗದಲ್ಲಿ ಪೆಟ್ಟಿಗೆ, ಗೆಳೆಯನ ಹಳೇ ಬುಲೆಟ್‌ನ ಸೈಡ್‌ಕಾರ್, ಸ್ಕೂಟರ್‌ನ ಫುಟ್‌ಬೋರ್ಡ್. ಬೆನ್ನಿಗೆ ಹಾಕಿಕೊಳ್ಳುವ ಬ್ಯಾಗನ್ನು ಮಾತ್ರ ಅಕ್ಕನ ಮನೆಯ ಪಾಮರೇನಿಯನ್ ಜೊತೆ ನೋಡಿದೆ. 13 ಕೆಜಿ ಹೊತ್ತು ಬೈಕ್ ಓಡಿಸುವ ಬೆನ್ನು ನನ್ನದಲ್ಲ.

ತೀರ್ಪು ಮೊದಲೇ ಹೇಳಿಬಿಡುತ್ತೇನೆ. ಘಾಟಿ, ಗಿರಿ, ಎಸ್ಟೇಟ್ ರಸ್ತೆಗೆ ಪೆಟ್ಟಿಗೆ. ಊರೊಳಗೆ ಸ್ಕೂಟರ್. ನಾನು ಎಲ್ಲವನ್ನೂ ಅಳೆದಿದ್ದು ಒಂದೇ ಪ್ರಶ್ನೆಯಿಂದ: ನಾಯಿ ಅದರಲ್ಲಿ ಮಲಗಬಹುದಾ? ನಿಂತ ನಾಯಿ ಪ್ರತಿ ತಿರುವಿನಲ್ಲೂ ತನ್ನ ಸಮತೋಲ ತಾನೇ ನೋಡಿಕೊಳ್ಳುತ್ತದೆ. ನೀವು ಬಲಕ್ಕೆ ವಾಲಿದರೆ ಅದು ಎಡಕ್ಕೆ ವಾಲುತ್ತದೆ. ಮಲಗಿದ ನಾಯಿ ಬರೀ ಲಗೇಜು. ಓಡಿಸುವವನಿಗೆ ಅದಕ್ಕಿಂತ ಒಳ್ಳೆಯದು ಬೇರೆ ಇಲ್ಲ.

ಟ್ಯಾಂಕ್ ಬ್ಯಾಗ್ ನೋಡೋಕೆ ಬಲು ಚೆಂದ. ವಿಡಿಯೋಗಳಲ್ಲಿ ಕಾಣುವುದು ಜಾಸ್ತಿ ಇದೇ. ನಾಯಿ ಕಣ್ಣೆದುರೇ ಇರುತ್ತದೆ, ಬೇಕಾದಾಗ ಕೈ ಇಡಬಹುದು. ಬೇಲೂರು ರಸ್ತೆಯಲ್ಲಿ ಚುಕ್ಕಿ ತನ್ನ ಗದ್ದವನ್ನು ನನ್ನ ಎಡ ಮಣಿಕಟ್ಟಿನ ಮೇಲೆ ಇಟ್ಟುಕೊಂಡು ಬರುತ್ತಿದ್ದಳು. ಕ್ಲಚ್ ಹಿಡಿದಾಗೆಲ್ಲ ತಲೆ ಎತ್ತುವುದು, ಬಿಟ್ಟ ಮೇಲೆ ಮತ್ತೆ ಇಡುವುದು. ನೇರ ರಸ್ತೆಯಲ್ಲಿ ಇದೆಲ್ಲ ಮುದ್ದಾಗಿಯೇ ಇತ್ತು. ಗಿರಿ ರಸ್ತೆ ಹತ್ತಲು ಶುರು ಮಾಡಿದ ಮೇಲೆ ಬ್ಯಾಗಿನ ಬಣ್ಣ ಬಯಲಾಯಿತು. ಹೇರ್‌ಪಿನ್ ತಿರುವಿನಲ್ಲಿ ಹ್ಯಾಂಡಲ್ ಪೂರ್ತಿ ತಿರುಗಿಸಬೇಕು ಅಲ್ವಾ? ಆಗ ಹ್ಯಾಂಡಲ್ ಬಂದು ಬ್ಯಾಗಿಗೆ, ಅಂದರೆ ಚುಕ್ಕಿಯ ಪಕ್ಕೆಲುಬಿಗೆ ಒತ್ತುತ್ತದೆ. ಅವಳು ತಳ್ಳುತ್ತಾಳೆ, ನಾನು ತಿರುಗಿಸುತ್ತೇನೆ. ಎದುರಿಗೆ ಜೀಪು ಬರುತ್ತಿರುವಾಗ ಆಡುವ ಆಟವಲ್ಲ ಇದು.

ಇನ್ನೊಂದು ತೊಂದರೆ ಬಿಸಿ. 411ರ ಇಂಜಿನ್ ಗಾಳಿ ಮತ್ತು ಆಯಿಲ್‌ನಿಂದ ತಣ್ಣಗಾಗುವಂಥದ್ದು, ರೇಡಿಯೇಟರ್ ನೀರಿನದಲ್ಲ. ಬಸ್ಸಿನ ಹಿಂದೆ ಫಸ್ಟ್ ಗೇರಿನಲ್ಲಿ ಏರು ಹತ್ತುವಾಗ ಬಿಸಿಯೆಲ್ಲ ಟ್ಯಾಂಕಿನ ಎರಡೂ ಕಡೆಯಿಂದ ಮೇಲೆ ಬರುತ್ತದೆ. ನಾಯಿಗೆ ನಮ್ಮ ಹಾಗೆ ಮೈಯೆಲ್ಲ ಬೆವರುವುದಿಲ್ಲ. ನಾಲಿಗೆ ಹೊರಗೆ ಹಾಕಿ ತೇಕುವುದೇ ಅದಕ್ಕೆ ಮುಖ್ಯ ದಾರಿ. ಆರೋಗ್ಯವಾಗಿರುವ ನಾಯಿಯ ಮೈ ಬಿಸಿ 101ರಿಂದ 102.5 ಡಿಗ್ರಿ ಫ್ಯಾರನ್‌ಹೀಟ್. 104 ದಾಟಿದರೆ ಅಪಾಯ. ಜೊಲ್ಲು ಗಟ್ಟಿಯಾಗಿ ನೂಲಿನ ಹಾಗೆ ಇಳಿಯಲು ಶುರುವಾದರೆ ಗಾಡಿ ನಿಲ್ಲಿಸಿ ನೆರಳಿಗೆ ಹೋಗಲೇಬೇಕು. ಗುದ್ದಿಕೊಂಡರಂತೂ ನಿಮ್ಮ ಎದೆಗೂ ಹ್ಯಾಂಡಲ್‌ಗೂ ನಡುವೆ ಇರುವುದು ನಾಯಿಯೇ. ಐದಾರು ಕೆಜಿಯ ಪುಟ್ಟ ನಾಯಿಗೆ, ಚಳಿಗಾಲದ ಬೆಳಿಗ್ಗೆ, ಬಯಲು ರಸ್ತೆಯಲ್ಲಾದರೆ ಇರಲಿ ಅನ್ನಬಹುದು. ನಮ್ಮ ಚುಕ್ಕಿಗೆ ಬೇಡ.

ಬೆನ್ನಿನ ಬ್ಯಾಗಿನ ಬಗ್ಗೆ ಜಾಸ್ತಿ ಹೇಳುವುದಿಲ್ಲ. ಪಾಮರೇನಿಯನ್ ಅದರಲ್ಲಿ ಎರಡು ಕಾಲ ಮೇಲೆ ನಿಂತ ಹಾಗೆ ಇರುತ್ತದೆ, ಪೂರ್ತಿ ಭಾರ ಸೊಂಟದ ಮೇಲೆ. ನನ್ನ ಹೆಲ್ಮೆಟ್ಟಿನ ಹಿಂಭಾಗ ಅದರ ಮೂಗಿಗೆ ತಗಲುತ್ತಿತ್ತು. ಬಿದ್ದರೆ ನಾನು ಅದರ ಮೇಲೆ. ನಡೆದುಕೊಂಡು ಮೆಟ್ಟಿಲು ಹತ್ತುವಾಗ ಮಾತ್ರ ಉಪಯೋಗಕ್ಕೆ ಬಂತು. ಅಕ್ಕ ಈಗ ಅದರಲ್ಲಿ ತರಕಾರಿ ತರುತ್ತಾಳೆ.

ಸೈಡ್‌ಕಾರ್ ಬೇರೆಯದೇ ಲೋಕ. ಚಿಕ್ಕಮಗಳೂರಿನ ಗೆಳೆಯನ ಬುಲೆಟ್‌ಗೆ ಎಡಗಡೆ ಸೈಡ್‌ಕಾರ್ ಇದೆ. ಕೀ ಕೊಡುವಾಗ ಅವನು ಹೇಳಿದ್ದು ಇಷ್ಟೇ: "ಗುರು, ಬೈಕ್ ಓಡಿಸ್ತಿದೀನಿ ಅನ್ನೋದನ್ನ ಮರೆತುಬಿಡು." ನಿಜ. ಇದು ವಾಲುವುದಿಲ್ಲ. ಹ್ಯಾಂಡಲ್ ಯಾವ ಕಡೆ ತಿರುಗಿಸುತ್ತೀರೋ ಆ ಕಡೆ ಹೋಗುತ್ತದೆ, ಅದೂ ತೋಳಿನ ಬಲ ಹಾಕಿ ಎಳೆದರೆ. ಆಕ್ಸಿಲರೇಟರ್ ಕೊಟ್ಟರೆ ಎಡಕ್ಕೆ ಎಳೆಯುತ್ತದೆ, ಯಾಕೆಂದರೆ ಪಕ್ಕದ ಭಾರ ಹಿಂದೆ ಉಳಿಯುತ್ತದೆ. ಬ್ರೇಕ್ ಹಾಕಿದರೆ ಬಲಕ್ಕೆ, ಯಾಕೆಂದರೆ ಬ್ರೇಕ್ ಇಲ್ಲದ ಆ ಮೂರನೇ ಚಕ್ರ ಮುಂದೆ ನುಗ್ಗುತ್ತದೆ. ಎಡ ತಿರುವಿನಲ್ಲಿ ವೇಗ ಜಾಸ್ತಿಯಾದರೆ ಸೈಡ್‌ಕಾರ್ ನೆಲ ಬಿಟ್ಟು ಏಳುತ್ತದೆ. ಒಳಗೆ ಒಬ್ಬ ಮನುಷ್ಯ ಕೂತರೆ ಆ ಭಯ ಕಡಿಮೆ. 13 ಕೆಜಿ ನಾಯಿ ಕೂತರೆ ಖಾಲಿ ಇದ್ದ ಹಾಗೇ. ಗೊಬ್ಬರದ ಚೀಲಕ್ಕೆ ಮರಳು ತುಂಬಿ ಅವಳ ಕಾಲ ಕೆಳಗೆ ಇಟ್ಟ ಮೇಲೆ ಸ್ವಲ್ಪ ಸುಧಾರಿಸಿತು.

ಕಡೂರು ರಸ್ತೆಯಲ್ಲಿ ಸಖರಾಯಪಟ್ಟಣಕ್ಕೆ ಹೋಗಿ, ಅಲ್ಲಿಂದ ಅಯ್ಯನಕೆರೆ. ಆ ಪ್ರಯಾಣದಲ್ಲಿ ಸೈಡ್‌ಕಾರ್‌ಗೆ ಪೂರ್ತಿ ಅಂಕ. ಬಯಲು ಸೀಮೆಯ ನೇರ ರಸ್ತೆ, ನಾಯಿ ಸುರುಳಿ ಸುತ್ತಿ ಮಲಗಿದೆ, ಪಕ್ಕದಲ್ಲಿ ನೀರಿನ ಕ್ಯಾನು, ಊಟದ ಬುತ್ತಿ, ಟವೆಲ್ಲು ಎಲ್ಲಕ್ಕೂ ಜಾಗ. ಕೆರೆ ಏರಿಯ ಮೇಲೆ ನಿಲ್ಲಿಸಿದರೆ ಜನ ನಾಯಿಗಿಂತ ಗಾಡಿಯನ್ನೇ ಜಾಸ್ತಿ ನೋಡಿದರು. ಒಂದೇ ಕಿರಿಕಿರಿ ಬೀದಿ ನಾಯಿಗಳದ್ದು. ಸೈಡ್‌ಕಾರ್‌ನಲ್ಲಿ ಚುಕ್ಕಿಯ ಮುಖ ಇರುವುದು ಅವುಗಳ ಮುಖದ ಎತ್ತರಕ್ಕೇ. ಪ್ರತಿ ಊರಿನ ಪುಂಡ ನಾಯಿಯೂ ಓಡಿ ಬಂದು ನೇರವಾಗಿ ಮೂಗಿಗೆ ಮೂಗು ಕೊಟ್ಟು ಬೊಗಳುತ್ತದೆ. ಅವಳೂ ಸುಮ್ನೆ ಇರುವ ಜಾತಿಯಲ್ಲ.

ಅದೇ ಗಾಡಿಯನ್ನು ಗಿರಿ ರಸ್ತೆಗೆ ಒಯ್ದರೆ ಕಥೆ ಉಲ್ಟಾ. ಕಾರಿಗೇ ಇಕ್ಕಟ್ಟಾದ ರಸ್ತೆ ಅದು. ಎದುರಿನ ವಾಹನಕ್ಕೆ ದಾರಿ ಬಿಡಲು ಎಡಕ್ಕೆ ಇಳಿದರೆ ಸೈಡ್‌ಕಾರ್ ಚಕ್ರ ಚರಂಡಿಯ ಅಂಚಿಗೆ. ಎಡಗಡೆಯ ಹೇರ್‌ಪಿನ್ ಬಂದಾಗೆಲ್ಲ ಎದೆ ಢವಢವ. ಎಸ್ಟೇಟ್ ಒಳಗಿನ ಜೀಪ್ ರಸ್ತೆಯಲ್ಲಿ ಎರಡು ಗಾಲಿಯ ಜಾಡಿದ್ದರೆ ಈ ಗಾಡಿಯ ಒಂದು ಚಕ್ರ ಯಾವಾಗಲೂ ನಡುವಿನ ದಿಬ್ಬದ ಮೇಲೆ. ಮೇಲಾಗಿ ಸೈಡ್‌ಕಾರ್ ಹಾಕಿಸುವುದು ಅಂದರೆ ವಾಹನದ ರೂಪ ಬದಲಿಸಿದ ಹಾಗೆ. ಆರ್‌ಟಿಓ ಒಪ್ಪಿಗೆ ಬೇಕು, ಆರ್‌ಸಿಯಲ್ಲಿ ಸೇರಿಸಬೇಕು. ಬರೀ ನಾಯಿಗೋಸ್ಕರ ಇಷ್ಟೆಲ್ಲ ಓಡಾಟ ಮಾಡುವ ಉಮೇದು ನನಗಿಲ್ಲ. ಕಡೂರು, ಅರಸೀಕೆರೆ ಕಡೆಯವರು, ದೊಡ್ಡ ನಾಯಿ ಇರುವವರು ಯೋಚನೆ ಮಾಡಬಹುದು.

ಈಗ ಪೆಟ್ಟಿಗೆ. 411ರಲ್ಲಿ ಓಡಿಸುವವನ ಸೀಟು ಬೇರೆ, ಹಿಂದಿನ ಸೀಟು ಬೇರೆ. ಹಿಂದಿನದನ್ನು ಬಿಚ್ಚಿ ಆ ಜಾಗಕ್ಕೆ ಒಂದು ಪ್ಲೇಟ್ ಕೂರಿಸಿ, ಅದರ ಮೇಲೆ ಬೋಲ್ಟ್ ಹಾಕಿ ಪೆಟ್ಟಿಗೆ ಬಿಗಿಸಿದ್ದೇವೆ. ಆಂಗಲ್ ಫ್ರೇಮು, ಪಕ್ಕಕ್ಕೆ ಮೆಶ್, ತಳಕ್ಕೆ ಪ್ಲೈವುಡ್, ಅದರ ಮೇಲೆ ಮಗಳ ಹಳೇ ಯೋಗ ಮ್ಯಾಟ್. ವೆಲ್ಡಿಂಗ್ ಅಂಗಡಿಯವರು ಅಳತೆ ನೋಡಿ "ಕೋಳಿ ಸಾಗಿಸೋಕಾ ಸಾರ್?" ಅಂತ ಕೇಳಿದ್ದರು. ಮುಂದಿನ ಗೋಡೆ ಮಾತ್ರ ಗಟ್ಟಿ ತಗಡಿನದು, ಗಾಳಿ ತಡೆಯಲಿ ಅಂತ. ಮೇಲ್ಭಾಗ ಮುಕ್ಕಾಲು ಮುಚ್ಚಿದೆ, ತಲೆ ಹೊರಗೆ ಹಾಕುವಷ್ಟು ಬಿಟ್ಟಿದ್ದೇವೆ.

ಮಾಡಿಸುವವರು ಗಮನಿಸಬೇಕಾದ್ದು ಭಾರ ಎಲ್ಲಿ ಕೂರುತ್ತದೆ ಅನ್ನುವುದು. ಬಾಲದ ತುದಿಯ ಕ್ಯಾರಿಯರ್ ಮೇಲೆ ಇಟ್ಟರೆ ಭಾರ ಹಿಂದಿನ ಆಕ್ಸಲ್ ದಾಟಿ ಹಿಂದಕ್ಕೆ ಹೋಗುತ್ತದೆ. ಮುಂದಿನ ಚಕ್ರ ಹಗುರಾಗುತ್ತದೆ. ಏರಿನಲ್ಲಿ ಹ್ಯಾಂಡಲ್ ತೇಲಿದ ಹಾಗೆ ಅನಿಸುತ್ತದೆ. ಹಿಂದೆ ಕೂರುವವರ ಜಾಗದಲ್ಲೇ ಇಟ್ಟರೆ ಆ ತಾಪತ್ರಯ ಇಲ್ಲ. ಪೆಟ್ಟಿಗೆ, ನಾಯಿ ಎಲ್ಲ ಸೇರಿದರೂ ಒಬ್ಬ ಮನುಷ್ಯನ ತೂಕದ ಅರ್ಧ ಆಗುವುದಿಲ್ಲ. ಟೈರಿಗೆ ಇಬ್ಬರು ಕೂತಾಗಿನ ಗಾಳಿ ಹಾಕಿಸಿ, ಹಿಂದಿನ ಸಸ್ಪೆನ್ಶನ್ ಒಂದು ಹಲ್ಲು ಬಿಗಿ ಮಾಡಿದರೆ ಸಾಕು.

ಒಳಗೆ ಕುತ್ತಿಗೆ ಪಟ್ಟಿಗೆ ಹಗ್ಗ ಕಟ್ಟಲೇಬೇಡಿ. ನಾಯಿ ಹಾರಿದರೆ ನೇಣು ಬಿದ್ದ ಹಾಗೆ ಆಗುತ್ತದೆ. ಎದೆಗೆ ಹಾಕುವ ಹಾರ್ನೆಸ್ಸೇ ಬೇಕು, ಎರಡು ಕಡೆಯಿಂದ ಗಿಡ್ಡ ಪಟ್ಟಿ. ತಲೆ ಹೊರಗೆ ಬರಬೇಕು, ಮುಂಗಾಲು ಅಂಚಿನ ಮೇಲೆ ಬರಬಾರದು. ಅಷ್ಟೇ ಉದ್ದ.

ಶುರುವಿನಲ್ಲಿ ಅವಳು ಎದ್ದು ನಿಂತೇ ಬರುತ್ತಿದ್ದಳು. ದಾರಿಬದಿಯ ಎಸ್ಟೇಟ್ ನಾಯಿಗಳಿಗೆ ಮೇಲಿನಿಂದ ಬೈಯುವಾಗ ಗಾಡಿಯೆಲ್ಲ ಅಲ್ಲಾಡುತ್ತಿತ್ತು. ಆಮೇಲೆ ಅಭ್ಯಾಸವಾಯಿತು. ಆಲೂರು ದಾಟುವಷ್ಟರಲ್ಲಿ ಹಿಂದಿನಿಂದ ಹೆಂಡತಿ ಸ್ಕೂಟರ್ ಪಕ್ಕಕ್ಕೆ ತಂದು "ರೀ, ನಿದ್ದೆ ಹೊಡೀತಿದಾಳೆ" ಅಂತ ಕೂಗಿದಾಗ ಈ ಪೆಟ್ಟಿಗೆಗೆ ನನ್ನ ಓಟು ಬಿತ್ತು. ಸಕಲೇಶಪುರದ ತಿರುವುಗಳಲ್ಲೂ ಹಿಂದೆ ನಾಯಿ ಇದೆ ಅನ್ನುವುದು ಗೊತ್ತಾಗುವುದಿಲ್ಲ.

ಕೊರತೆ ಇಲ್ಲವಾ? ಇದೆ. ಹಿಂದಿನಿಂದ ಕಾಲು ಎತ್ತಿ ಹಾಕಿ ಹತ್ತಲು ಆಗುವುದಿಲ್ಲ. ಫುಟ್‌ರೆಸ್ಟ್ ಮೇಲೆ ನಿಂತು ಕಾಲನ್ನು ಸೀಟಿನ ಮೇಲಿಂದ ತೂರಿಸಬೇಕು. ನಾಯಿಯನ್ನು ಹತ್ತಿಸುವಾಗ ಸೈಡ್ ಸ್ಟ್ಯಾಂಡ್ ನಂಬಬೇಡಿ, ಸೆಂಟರ್ ಸ್ಟ್ಯಾಂಡ್ ಹಾಕಿ. ಅವಳು ಕಣ್ಣಿಗೆ ಕಾಣುವುದಿಲ್ಲ ಅನ್ನುವ ಚಿಂತೆಗೆ ಎಡ ಕನ್ನಡಿಯನ್ನು ಸ್ವಲ್ಪ ಒಳಕ್ಕೆ ತಿರುಗಿಸುವ ಬದಲು ಪುಟ್ಟದೊಂದು ಕನ್ನಡಿ ಜಾಸ್ತಿ ಹಾಕಿಸಿದ್ದೇನೆ. ಧೂಳಿಗೆ ಅಂತ ತಂದ ನಾಯಿ ಕನ್ನಡಕ ವ್ಯರ್ಥ. ಹಾಕಿದ ತಕ್ಷಣ ಮುಂಗಾಲಿನಿಂದ ಕಿತ್ತು ಬಿಸಾಡುತ್ತಾಳೆ. ಹಾಗಾಗಿ ವೇಗ 50ರ ಒಳಗೇ ಇರುತ್ತದೆ.

ಸ್ಕೂಟರ್‌ನ ಫುಟ್‌ಬೋರ್ಡ್ ನಮ್ಮ ಕಡೆ ಎಲ್ಲರೂ ಮಾಡುವುದೇ. ಹಾಸನದ ಬಿ.ಎಂ. ರಸ್ತೆಯಲ್ಲಿ ಸಂಜೆ ಹೊತ್ತು ನಿಂತರೆ ಕಾಲ ಸಂದಿಯಲ್ಲಿ ನಾಯಿ ನಿಲ್ಲಿಸಿಕೊಂಡು ಹೋಗುವವರು ಕಾಣುತ್ತಾರೆ. ಇಂಜಿನ್ ಸೀಟಿನ ಕೆಳಗಿರುವುದರಿಂದ ನಾಯಿಗೆ ಬಿಸಿ ತಾಗುವುದಿಲ್ಲ. ಗೇರಿಲ್ಲ, ಹಾಗಾಗಿ ಜಗ್ಗಾಟ ಕಡಿಮೆ. ಪಶು ಆಸ್ಪತ್ರೆಗೆ, ಮಹಾರಾಜ ಪಾರ್ಕ್ ಕಡೆಗೆ ಇದೇ ಸಾಕು. ಆದರೆ ಕಟ್ಟಲು ಸರಿಯಾದ ಜಾಗ ಇಲ್ಲ. ಕೈಚೀಲ ಸಿಕ್ಕಿಸುವ ಕೊಕ್ಕೆ ನಾಯಿಯ ಎಳೆತ ತಡೆಯುವುದಿಲ್ಲ. ಹಳೇಬೀಡಿನವರೆಗೆ ಒಮ್ಮೆ ಹೀಗೇ ಬಂದಳು. ಇಳಿದಾಗ ಹಿಂಗಾಲು ಸಣ್ಣಗೆ ನಡುಗುತ್ತಿತ್ತು.

ಯಾವ ಗಾಡಿಯಾದರೂ ಹೋಗುವ ಜಾಗ ನೋಡಿಕೊಳ್ಳಬೇಕು. ಬೇಲೂರು, ಹಳೇಬೀಡು 2023ರಲ್ಲಿ ವಿಶ್ವ ಪರಂಪರೆಯ ಪಟ್ಟಿ ಸೇರಿದವು. ಅಲ್ಲಿಗೆ ಹೋದರೆ ಒಬ್ಬರು ನಾಯಿ ಹಿಡಿದುಕೊಂಡು ಹೊರಗೇ ಇರಬೇಕು. ನಾವು ಸರದಿ ಮಾಡಿಕೊಳ್ಳುತ್ತೇವೆ. 1930 ಮೀಟರ್ ಎತ್ತರದ ಮುಳ್ಳಯ್ಯನಗಿರಿಗೆ ಈಗ ಮೊದಲೇ ಆನ್‌ಲೈನ್‌ನಲ್ಲಿ ಬುಕ್ ಮಾಡಬೇಕು. ತುದಿಯಲ್ಲಿ ದೇವಸ್ಥಾನ, ಹಾಗಾಗಿ ಚುಕ್ಕಿಗೆ ಮೆಟ್ಟಿಲ ಕೆಳಗೇ ಗಿರಿ ಮುಗಿಯುತ್ತದೆ. ಶೆಟ್ಟಿಹಳ್ಳಿಯ ಹಳೇ ಚರ್ಚಿನ ಹತ್ತಿರ, ಹೇಮಾವತಿ ಹಿನ್ನೀರಿನ ಬಯಲು ಅವಳಿಗೆ ಎಲ್ಲಕ್ಕಿಂತ ಇಷ್ಟ. ಮುತ್ತೋಡಿ, ಕುದುರೆಮುಖದ ಕಾಡಿನೊಳಗೆ ನಾಯಿ ಒಯ್ಯಲೇಬಾರದು. ನಾಯಿಗೆ ಬರುವ ಡಿಸ್ಟೆಂಪರ್ ರೋಗ ಕಾಡುಪ್ರಾಣಿಗಳಿಗೂ ಅಂಟುತ್ತದೆ. 2018ರಲ್ಲಿ ಗಿರ್‌ನ ಸಿಂಹಗಳು ಸತ್ತಾಗ ಈ ವೈರಸ್ ಪತ್ತೆಯಾಗಿತ್ತು. ಸಕಲೇಶಪುರ, ಆಲೂರು, ಮೂಡಿಗೆರೆಯ ತೋಟಗಳಲ್ಲಿ ಆನೆ ಓಡಾಟ ಇದೆ. ಆನೆ ಕಂಡು ಬೊಗಳಿದ ನಾಯಿ ಆಮೇಲೆ ಓಡಿ ಬರುವುದು ನಿಮ್ಮ ಹತ್ತಿರವೇ. ಹಗ್ಗ ಬಿಚ್ಚಬೇಡಿ.

ಮನೆಗೆ ಬಂದ ಮೇಲೆ ಬೆರಳ ಸಂದಿ, ಕಿವಿಯೊಳಗೆ, ಬಾಲದ ಬುಡ ನೋಡಿ. ಮಳೆಗಾಲದಲ್ಲಿ ಇಂಬಳ, ಒಣ ತಿಂಗಳಲ್ಲಿ ಉಣ್ಣೆ. ಮಂಗನ ಕಾಯಿಲೆ 1957ರಲ್ಲಿ ಮೊದಲು ಕಂಡಿದ್ದು ಶಿವಮೊಗ್ಗದ ಕ್ಯಾಸನೂರು ಕಾಡಿನಲ್ಲಿ. ಚಿಕ್ಕಮಗಳೂರಿನ ಮಲೆನಾಡು ತಾಲ್ಲೂಕುಗಳಲ್ಲೂ ಅದು ಬರುತ್ತದೆ, ಹರಡುವುದು ಉಣ್ಣೆಯಿಂದ. ನಾಯಿ ಮೈಯಲ್ಲಿ ಅದನ್ನು ಮನೆಯೊಳಗೆ ತರುವುದು ಬೇಡ. ಹಳ್ಳದ ನೀರು ಕುಡಿಯುವ ನಾಯಿಗೆ ಇಲಿಜ್ವರದ ಲಸಿಕೆಯೂ ಆಗಿರಲಿ.

ಪೆಟ್ಟಿಗೆ ಸೋಲುವುದು ಮಳೆಗೆ. ಟಾರ್ಪಾಲ್ ಹೊದೆಸಿದರೆ ಒಳಗೆ ಸೆಕೆ, ತೆಗೆದರೆ ನಾಯಿ ತೊಪ್ಪೆ. ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಅದನ್ನು ಬಿಚ್ಚಿ ಇಡುತ್ತೇವೆ. ಮಾಡಿಸುವ ಮನಸ್ಸಿದ್ದರೆ ನಾಯಿ ಮಲಗಿದಾಗ ಮೂಗಿನಿಂದ ಬಾಲದ ಬುಡದವರೆಗೆ ಅಳೆದು ನಾಲ್ಕು ಇಂಚು ಸೇರಿಸಿ. ಅಗಲ ಹ್ಯಾಂಡಲ್‌ಗಿಂತ ಜಾಸ್ತಿ ಬೇಡ. ಇಪ್ಪತ್ತು ಕೆಜಿ ದಾಟಿದ ಲ್ಯಾಬ್ರಡಾರ್ ಆದರೆ ವೆಲ್ಡಿಂಗ್ ಅಂಗಡಿಗೆ ಹೋಗುವ ಮೊದಲು ಕಾರು ಇರುವ ನೆಂಟರನ್ನು ವಿಚಾರಿಸಿ.