ಕಳೆದುಹೋದ ನಾಯಿಯ ಪೋಸ್ಟರ್ ಅಂಟಿಸುವ ಮುಂಚೆ ಇದನ್ನು ಓದಿ

ನಾಯಿ ಕಾಣೆಯಾಗಿದೆ ಎಂದು ಪೋಸ್ಟರ್ ಅಂಟಿಸಿದವರಿಗೆ, ವಾಟ್ಸಾಪ್ ಗುಂಪುಗಳಲ್ಲಿ ಫೋಟೋ ಹಾಕಿದವರಿಗೆ ಫೋನ್ ಮಾಡಿ ದುಡ್ಡು ಕೀಳುವವರಿದ್ದಾರೆ. ನಾಯಿ ಅವರ ಹತ್ತಿರ ಇರುವುದಿಲ್ಲ, ಅದನ್ನು ಅವರು ಕಣ್ಣಾರೆ ಕಂಡೂ ಇರುವುದಿಲ್ಲ. ಕಳೆದ ದೀಪಾವಳಿಯಲ್ಲಿ ನಮ್ಮ ಮನೆಯವರಿಗೆ ಆದದ್ದು ಇದೇ. ಹೋದ ದುಡ್ಡಿನ ಸಂಕಟ ಅಷ್ಟಿಲ್ಲ. ಆ ಒಂದು ಕರೆ ನಮ್ಮನ್ನೆಲ್ಲ ಬಡಾವಣೆಯಿಂದ ಆಚೆ ಕಳಿಸಿತು. ಆ ಹೊತ್ತಿನಲ್ಲಿ ನಮ್ಮ ಜಿಮ್ಮಿ ಮನೆಯಿಂದ ಮೂರೇ ರಸ್ತೆ ದೂರದಲ್ಲಿ ಕಾಲಿಗೆ ಗಾಯ ಮಾಡಿಕೊಂಡು ಮಲಗಿದ್ದಳು. ಅದನ್ನು ನೆನೆದರೆ ಈಗಲೂ ಹೊಟ್ಟೆ ಉರಿಯುತ್ತದೆ.

ನಮ್ಮ ಮನೆ ಇರುವುದು ಮೈಸೂರಿನ ಶ್ರೀರಾಂಪುರದ ಕಡೆ. ನರಕ ಚತುರ್ದಶಿಯ ಸಂಜೆ ಗೇಟಿನ ಮುಂದೆಯೇ ಯಾರೋ ಆಟಂಬಾಂಬ್ ಹಚ್ಚಿದರು. ಜಿಮ್ಮಿ ಕಾಂಪೌಂಡ್ ಹಾರಿ ಓಡಿದಳು. ಪಟಾಕಿಗೆ ರಾತ್ರಿ 8ರಿಂದ 10ರವರೆಗೆ ಮಾತ್ರ ಹೊತ್ತು ಎಂದು ಸುಪ್ರೀಂ ಕೋರ್ಟ್ 2018ರಲ್ಲೇ ಹೇಳಿದೆ, ಆದರೆ ಬೀದಿಯಲ್ಲಿ ಅದನ್ನು ಕೇಳುವವರು ಯಾರು? ಮನುಷ್ಯರ ಕಿವಿಗೆ ಹೆಚ್ಚೆಂದರೆ 20,000 ಹರ್ಟ್ಸ್‌ವರೆಗಿನ ಸದ್ದು ಕೇಳಿಸಿದರೆ ನಾಯಿಗೆ ಅದರ ಎರಡರಷ್ಟು ಕೇಳಿಸುತ್ತದೆ. ಹೆದರಿ ಓಡಿದ ನಾಯಿಗೆ ತನ್ನ ಹೆಸರೂ ಕಿವಿಗೆ ಬೀಳುವುದಿಲ್ಲ.

ಮಾರನೆಯ ಬೆಳಿಗ್ಗೆ ಅಣ್ಣ ಜೆರಾಕ್ಸ್ ಅಂಗಡಿ ತೆರೆಯುವುದನ್ನೇ ಕಾದು ಪೋಸ್ಟರ್ ಮಾಡಿಸಿದ. ನಂದಿನಿ ಬೂತು, ಮೆಡಿಕಲ್ ಸ್ಟೋರ್, ಲೈಟ್ ಕಂಬ ಎಲ್ಲ ಕಡೆ ಅಂಟಿಸಿದೆವು. ಕಂದು ಬಣ್ಣದ ನಾಟಿ ಹೆಣ್ಣುನಾಯಿ, ಎಡ ಮುಂಗಾಲು ಬಿಳಿ, ಬಲಗಿವಿ ಅರ್ಧ ಮಡಚಿದೆ, ಹೆಸರು ಜಿಮ್ಮಿ, ಹುಡುಕಿಕೊಟ್ಟವರಿಗೆ ಸೂಕ್ತ ಬಹುಮಾನ, ಕೆಳಗೆ ಅಮ್ಮನ ನಂಬರು. ಎಲ್ಲರೂ ಹೀಗೇ ಬರೆಯುತ್ತಾರೆ. ಮೋಸ ಮಾಡುವವನಿಗೆ ಬೇಕಾದದ್ದೂ ಇಷ್ಟೇ.

ಮಧ್ಯಾಹ್ನ ಅಮ್ಮನಿಗೆ ಫೋನ್ ಬಂತು. "ಅಮ್ಮಾ, ನಿಮ್ಮ ಜಿಮ್ಮಿ ನಂಜನಗೂಡಲ್ಲಿ ಐತೆ. ಬೈಕು ಗುದ್ಬುಟ್ಟೈತೆ. ಎಡಗಾಲು ಬೆಳ್ಳಗೈತಲ್ಲ, ಅದಕ್ಕೇ ಏಟು. ಡಾಕ್ಟ್ರು ಇಂಜೆಕ್ಷನ್ ಕೊಡ್ತಾವ್ರೆ, ಐನೂರು ರೂಪಾಯಿ ಹಾಕಿ." ದನಿಯಲ್ಲಿ ಗಾಬರಿ ಇತ್ತು, ಮರ್ಯಾದೆ ಇತ್ತು. ಹಿಂದೆಯೇ ಒಂದು ಫೋಟೋ ಬಂತು: ನೀಲಿ ಬಟ್ಟೆಯ ಮೇಲೆ ಕಾಲಿಗೆ ಬ್ಯಾಂಡೇಜ್ ಸುತ್ತಿಕೊಂಡು ಮಲಗಿದ ಜಿಮ್ಮಿ. ಆ ಚಿತ್ರ ನೋಡಿ ಅಮ್ಮ ಅತ್ತುಬಿಟ್ಟರು. ಐನೂರು ಆದಮೇಲೆ ಎಕ್ಸ್‌ರೇಗೆ ಎರಡು ಸಾವಿರ, ಆಪರೇಷನ್ ಅಡ್ವಾನ್ಸ್ ಎಂದು ನಾಲ್ಕು ಸಾವಿರ. "ಬೇಗ ಹಾಕಿ ಅಮ್ಮಾ, ಉಸ್ರು ಎಳೀತೈತೆ" ಎಂದು ಪ್ರತಿ ಐದು ನಿಮಿಷಕ್ಕೆ ಫೋನ್. ಯಾರನ್ನಾದರೂ ಕೇಳೋಣ, ಯೋಚಿಸೋಣ ಎನ್ನಲು ಬಿಡುವೇ ಕೊಡಲಿಲ್ಲ. ಅವರ ಕೆಲಸವೆಲ್ಲ ನಡೆಯುವುದು ಈ ಆತುರದ ಮೇಲೆಯೇ.

ಅಣ್ಣ, ಅತ್ತಿಗೆ, ನಾನು, ಬೀದಿಯಲ್ಲಿ ನಮ್ಮ ಜೊತೆ ಹುಡುಕುತ್ತಿದ್ದ ಹುಡುಗರು, ಎಲ್ಲರೂ ಸಿಕ್ಕ ಗಾಡಿ ಹತ್ತಿ ನಂಜನಗೂಡಿಗೆ ಹೊರಟೆವು. ಅಮ್ಮನೂ ಮನೆಗೆ ಬೀಗ ಹಾಕಿ ಜೊತೆಗೆ ಬಂದರು. ಬಸ್ ಸ್ಟ್ಯಾಂಡ್ ಹತ್ತಿರ ಬಂದು ಫೋನ್ ಮಾಡಿ ಎಂದಿದ್ದ. ಮಾಡಿದೆವು, ಸ್ವಿಚ್ ಆಫ್. ಪಶು ಆಸ್ಪತ್ರೆ, ಔಷಧಿ ಅಂಗಡಿ, ಆಟೋ ಸ್ಟ್ಯಾಂಡ್ ಎಲ್ಲ ವಿಚಾರಿಸಿದೆವು. ಅಂಥ ನಾಯಿಯನ್ನು ಯಾರೂ ತಂದಿರಲಿಲ್ಲ. ಕತ್ತಲಾಗುವವರೆಗೂ ಅಲ್ಲೇ ಅಲೆದೆವು.

ಮೋಸ ಗೊತ್ತಾದದ್ದು ಅಣ್ಣನ ಮಗಳಿಂದ. ಕಾರಿನಲ್ಲಿ ಕೂತು ಆ ಫೋಟೋವನ್ನು ದೊಡ್ಡದು ಮಾಡಿ ನೋಡುತ್ತಿದ್ದವಳು, "ಚಿಕ್ಕಪ್ಪ, ಬೆಲ್ಟು ಕೆಂಪಿದೆ" ಎಂದಳು. ಹಬ್ಬಕ್ಕೆಂದು ಜಿಮ್ಮಿಗೆ ಹೊಸ ಹಸಿರು ಬೆಲ್ಟು ಹಾಕಿದ್ದೆವು. ಕೆಂಪು ಬೆಲ್ಟು ಇದ್ದದ್ದು ಪೋಸ್ಟರಿನ ಹಳೆಯ ಫೋಟೋದಲ್ಲಿ. ಮತ್ತೆ ನೋಡಿದರೆ ಮುಖ ತಿರುಗಿಸಿದ ರೀತಿ, ಕಿವಿಯ ಮಡಿಕೆ ಎಲ್ಲ ಪೋಸ್ಟರಿನದೇ. ಬ್ಯಾಂಡೇಜಿನ ಅಂಚು ಬಟ್ಟೆಯೊಳಗೆ ಕರಗಿಹೋಗಿತ್ತು, ಬೆರಳುಗಳು ಒಂದಕ್ಕೊಂದು ಅಂಟಿಕೊಂಡಿದ್ದವು. ಎಐ ಆ್ಯಪ್‌ಗಳಿಂದ ಇಂಥ ಚಿತ್ರವನ್ನು ಈಗ ಯಾರು ಬೇಕಾದರೂ ನಿಮಿಷದಲ್ಲಿ ಮಾಡಿಬಿಡುತ್ತಾರೆ. ಆದ್ದರಿಂದ ಫೋಟೋ ಬಂತೆಂದರೆ ನಾಯಿ ಸಿಕ್ಕಿತೆಂದು ಅರ್ಥವಲ್ಲ.

ಬೆಳಿಗ್ಗೆ ರಸ್ತೆ ಗುಡಿಸಲು ಬಂದ ಪೌರಕಾರ್ಮಿಕ ಹೆಂಗಸು ಗೇಟಿನ ಹತ್ತಿರ ನಿಂತು ಅತ್ತಿಗೆಗೆ ಹೇಳಿದ್ದು ಕೇಳಿ ನಮ್ಮ ಕೈಕಾಲು ಆಡಲಿಲ್ಲ. "ನಿನ್ನೆ ಸಂಜೆನೇ ನೋಡ್ದೆ ಕನಕ್ಕ. ಆ ಕಟ್ತಾ ಇರೋ ಮನೆ ಮೆಟ್ಲು ಕೆಳಗೆ, ಮರಳು ಗುಡ್ಡೆ ಪಕ್ಕ ಮಲಗಿತ್ತು. ನಿಮ್ಮನೆ ಬೆಲ್ ಮಾಡ್ದೆ, ಯಾರೂ ಬರ್ನಿಲ್ಲ." ಓಡಿಹೋಗಿ ನೋಡಿದರೆ ಮರಳಿನ ಮೇಲೆ ರಕ್ತದ ಕಲೆ ಮಾತ್ರ. ರಾತ್ರಿಯ ಪಟಾಕಿಗೆ ಮತ್ತೆ ಎದ್ದು ಹೋಗಿದ್ದಳು. ಕೊನೆಗೆ ಸಿಕ್ಕಿದ್ದು ಬಲಿಪಾಡ್ಯಮಿ ಕಳೆದ ಮೇಲೆ, ಹಿಂದಿನ ರಸ್ತೆಯ ಚರಂಡಿ ಚಪ್ಪಡಿಯ ಕೆಳಗೆ. ಅಷ್ಟರಲ್ಲಿ ಗಾಯಕ್ಕೆ ಹುಳು ಬಿದ್ದಿತ್ತು. ನೊಣ ಮೊಟ್ಟೆಯಿಟ್ಟು ಒಂದು ದಿನದೊಳಗೆ ಹುಳುವಾಗುತ್ತದೆ, ಮುಂಚೆಯೇ ತಂದಿದ್ದರೆ ಬೆರಳು ಉಳಿಯುತ್ತಿತ್ತು ಎಂದರು ಡಾಕ್ಟರು. ಒಂದು ಬೆರಳು ತೆಗೆಯಬೇಕಾಯಿತು. ಆ ಸಂಜೆ ನಾವು ಬೀದಿಯಲ್ಲೇ ಇದ್ದಿದ್ದರೆ!

ಆದ್ದರಿಂದ ದಯವಿಟ್ಟು ಇಷ್ಟು ಮಾಡಿ. ಪೋಸ್ಟರಿನಲ್ಲಿ ಎಲ್ಲ ಗುರುತನ್ನೂ ಬರೆಯಬೇಡಿ. ಹೊಟ್ಟೆಯ ಮೇಲಿನ ಮಚ್ಚೆ, ನಾಲಿಗೆಯ ಕಪ್ಪು ಚುಕ್ಕೆ, ಬೆಲ್ಟಿನ ಬಣ್ಣ, ಹೀಗೆ ಒಂದನ್ನಾದರೂ ಮನೆಯವರಷ್ಟೇ ಬಲ್ಲಂತೆ ಉಳಿಸಿಕೊಳ್ಳಿ. ಫೋನ್ ಮಾಡಿದವರನ್ನು ಅದನ್ನೇ ಕೇಳಿ, ಉತ್ತರವನ್ನು ನೀವೇ ಬಾಯಿಬಿಡಬೇಡಿ. ವಿಡಿಯೋ ಕಾಲ್ ಮಾಡಿ, ನಾಯಿಯನ್ನು ತೋರಿಸಿ, ಅದರ ಹೆಸರು ಕೂಗಿ ಎನ್ನಿ. ನಿಜವಾಗಿ ನಾಯಿ ಸಿಕ್ಕವರು ಇದಕ್ಕೆ ಬೇಸರ ಮಾಡಿಕೊಳ್ಳುವುದಿಲ್ಲ. ಚಿಕಿತ್ಸೆಗೆ ದುಡ್ಡು ಬೇಕೆಂದರೆ ಡಾಕ್ಟರ ಕೈಗೇ ಫೋನ್ ಕೊಡಿಸಿ, ಕ್ಲಿನಿಕ್ಕಿನ ಹೆಸರು ಕೇಳಿ, ಅದರ ನಂಬರನ್ನು ನೀವೇ ಹುಡುಕಿ ವಿಚಾರಿಸಿ. ನಾಯಿ ಕೈಗೆ ಬರುವವರೆಗೆ ಒಂದು ರೂಪಾಯಿಯೂ ಬೇಡ. ಪೋಸ್ಟರಿಗೆ ಮನೆಯ ಹಿರಿಯರ ನಂಬರಿಗಿಂತ ಸ್ವಲ್ಪ ಗಟ್ಟಿಯಾಗಿ ಪ್ರಶ್ನೆ ಕೇಳುವವರ ನಂಬರು ಒಳ್ಳೆಯದು.

ಎಲ್ಲಕ್ಕಿಂತ ಮುಖ್ಯವಾದದ್ದು ಇದು: ಎಂಥ ಕರೆ ಬಂದರೂ ಇಬ್ಬರು ಹೋಗಲಿ, ಉಳಿದವರು ಬಡಾವಣೆ ಬಿಟ್ಟು ಕದಲಬಾರದು. ಮನೆಯಲ್ಲಿ ಒಬ್ಬರು ಇರಲೇಬೇಕು. ಹೆದರಿದ ನಾಯಿ, ಅದರಲ್ಲೂ ಏಟಾದದ್ದು, ಹೆಚ್ಚಾಗಿ ಹತ್ತಿರದಲ್ಲೇ ಎಲ್ಲೋ ಮುದುಡಿ ಕೂತಿರುತ್ತದೆ. ನಿಂತ ಕಾರುಗಳ ಕೆಳಗೆ, ಕಟ್ಟಡ ಕೆಲಸದ ಜಾಗದಲ್ಲಿ, ಮೋರಿಯ ಚಪ್ಪಡಿ ಕೆಳಗೆ, ಖಾಲಿ ಸೈಟಿನ ಪೊದೆಯಲ್ಲಿ ಟಾರ್ಚ್ ಬಿಟ್ಟು ನೋಡಿ. ಕಣ್ಣು ಹೊಳೆಯುತ್ತದೆ. ಬೆಳಗಿನ ಜಾವ ಗಾಡಿ ಸದ್ದಿಲ್ಲದಾಗ ಹೊರಡಿ, ಕಂಡರೆ ಅಟ್ಟಿಸಿಕೊಂಡು ಹೋಗಬೇಡಿ. ನೆಲದ ಮೇಲೆ ಕೂತು ಮೆಲ್ಲಗೆ ಮಾತಾಡಿಸಿ. ಹಾಲಿನವರು, ಪೇಪರ್ ಹುಡುಗರು, ಪೌರಕಾರ್ಮಿಕರು ನಿಮ್ಮ ಬೀದಿಯನ್ನು ನಿಮಗಿಂತ ಚೆನ್ನಾಗಿ ನೋಡಿರುತ್ತಾರೆ. ಪೋಸ್ಟರಿಗಿಂತ ಮುಂಚೆ ಅವರಿಗೆ ಹೇಳಿ. ಚಪ್ಪಡಿ ಕೆಳಗೆ ಕೈ ಹಾಕುವಾಗ ನೋವಿನಲ್ಲಿರುವ ಸ್ವಂತ ನಾಯಿಯೂ ಕಚ್ಚಬಹುದು. ಹಲ್ಲು ತಾಗಿದರೆ 15 ನಿಮಿಷ ಸೋಪು ನೀರಿನಲ್ಲಿ ತೊಳೆದು ಆಸ್ಪತ್ರೆಗೆ ಹೋಗಿ.

ನಗರಪಾಲಿಕೆಯವರು ಹಿಡಿದುಕೊಂಡು ಹೋಗಿರಬಹುದೇ ಎಂದೂ ವಿಚಾರಿಸಿ. 2023ರ ಪ್ರಾಣಿ ಸಂತಾನ ನಿಯಂತ್ರಣ ನಿಯಮಗಳ ಪ್ರಕಾರ ಬೀದಿನಾಯಿಗೆ ಆಪರೇಷನ್ ಮಾಡಿ ಹಿಡಿದ ಜಾಗದಲ್ಲೇ ಬಿಡಬೇಕು. ಆದರೆ ಶಾಲೆ, ಆಸ್ಪತ್ರೆ, ಬಸ್ ನಿಲ್ದಾಣ, ರೈಲು ನಿಲ್ದಾಣದಂಥ ಕಡೆ ಹಿಡಿದವನ್ನು ಮತ್ತೆ ಅಲ್ಲಿ ಬಿಡಬಾರದೆಂದು ಸುಪ್ರೀಂ ಕೋರ್ಟ್ 2025ರ ನವೆಂಬರ್‌ನಲ್ಲಿ ಆದೇಶಿಸಿದೆ. ಬೆಲ್ಟು ಕಳಚಿಹೋದ ಸಾಕುನಾಯಿ ನೋಡುವವರಿಗೆ ಬೀದಿನಾಯಿಯೇ.

ನಮಗೆ ಬಂದದ್ದು ಅದೊಂದೇ ಕರೆಯಲ್ಲ. ನಾಯಿಗೆ ಮೈಕ್ರೋಚಿಪ್ ಇದ್ದರೆ ಲೊಕೇಶನ್ ಹುಡುಕಿಕೊಡುತ್ತೇವೆ, ಫೀಸು ಕಟ್ಟಿ ಎಂದು ಒಬ್ಬ. ಇದು ಶುದ್ಧ ಸುಳ್ಳು. ಚಿಪ್ ಎಂದರೆ ಅಕ್ಕಿಕಾಳಿನಷ್ಟು ಗಾತ್ರದ್ದು, ಚರ್ಮದ ಕೆಳಗೆ ಕೂರುತ್ತದೆ, ಒಳಗೆ 15 ಅಂಕಿಯ ಒಂದು ಸಂಖ್ಯೆ ಅಷ್ಟೇ. ಸ್ಕ್ಯಾನರ್ ಹತ್ತಿರ ಹಿಡಿದರೆ ಸಂಖ್ಯೆ ಕಾಣುತ್ತದೆ, ದೂರದಿಂದ ಏನೂ ಗೊತ್ತಾಗುವುದಿಲ್ಲ. ಇನ್ನೊಬ್ಬ, ನೀವೇ ಮಾಲೀಕರೆಂದು ಖಾತ್ರಿಯಾಗಬೇಕು, ಮೊಬೈಲಿಗೆ ಬಂದ ಆರು ಅಂಕಿ ಹೇಳಿ ಎಂದ. ಅದು ವಾಟ್ಸಾಪ್ ಖಾತೆ ಕದಿಯುವ ಓಟಿಪಿ. ಬಹುಮಾನ, ರೀಫಂಡ್ ಎಂದು ಕ್ಯೂಆರ್ ಕೋಡ್ ಕಳಿಸುವವರೂ ಇದ್ದಾರೆ. ಯುಪಿಐ ಪಿನ್ ಒತ್ತಿದರೆ ದುಡ್ಡು ಹೋಗುತ್ತದೆ, ದುಡ್ಡು ಬರಲು ಪಿನ್ ಬೇಕಿಲ್ಲ.

ದುಡ್ಡು ಹೋಗಿಬಿಟ್ಟಿದ್ದರೆ ನಾಚಿಕೆ ಪಡುತ್ತಾ ಕೂರಬೇಡಿ, ತಕ್ಷಣ ಸೈಬರ್ ವಂಚನೆಯ ಸಹಾಯವಾಣಿ 1930ಕ್ಕೆ ಫೋನ್ ಮಾಡಿ. ಎಷ್ಟು ಬೇಗ ಹೇಳುತ್ತೀರೋ ಅಷ್ಟು ಬೇಗ ಆ ಖಾತೆಯ ಹಣ ತಡೆಹಿಡಿಯಲು ಸಾಧ್ಯ. ಅಣ್ಣ ನಂಜನಗೂಡಿನಿಂದಲೇ ಮಾಡಿದ, ಕೊನೆಯ ನಾಲ್ಕು ಸಾವಿರ ಬ್ಯಾಂಕಿನಲ್ಲಿ ತಡೆದು ನಿಂತಿದೆ, ಮಿಕ್ಕದ್ದು ಆಗಲೇ ಕೈಬದಲಾಗಿತ್ತು. ಚಾಟು, ಫೋಟೋ, ವಹಿವಾಟಿನ ನಂಬರು ಯಾವುದನ್ನೂ ಅಳಿಸಬೇಡಿ. ಇದು ಭಾರತೀಯ ನ್ಯಾಯ ಸಂಹಿತೆಯ 318ನೇ ಸೆಕ್ಷನ್ ಪ್ರಕಾರ ವಂಚನೆ. ನಾಯಿ ವಿಷಯ ತಾನೇ ಎಂದು ಯಾರಾದರೂ ಹಗುರವಾಗಿ ಮಾತಾಡಿದರೂ ದೂರು ಬರೆದುಕೊಡಿ, ಸ್ವೀಕೃತಿ ಪಡೆದುಕೊಳ್ಳಿ.

ಜಿಮ್ಮಿ ಮನೆಗೆ ಬಂದು ಅಮ್ಮನ ಕುರ್ಚಿಯ ಪಕ್ಕ ಮಲಗಿದ್ದಾಗಲೇ ಬೇರೊಂದು ನಂಬರಿನಿಂದ "ನಿಮ್ಮ ನಾಯಿ ನಮ್ಮ ಹತ್ರ ಐತೆ" ಎಂದು ಕರೆ ಬಂತು. ಅಮ್ಮ ಮಾತು ಬೆಳೆಸದೆ ನಂಬರು ಬರೆದಿಟ್ಟರು, ಅಣ್ಣ ಅದನ್ನೂ ದೂರಿಗೆ ಸೇರಿಸಿದ. ನಾಯಿ ಸಿಕ್ಕ ಕೂಡಲೇ ಪೋಸ್ಟರುಗಳನ್ನು ಕಿತ್ತುಬಿಡಿ, ಹಂಚಿದ ಗುಂಪುಗಳಲ್ಲೆಲ್ಲ ಸಿಕ್ಕಿದೆ ಎಂದು ಹಾಕಿ. ಇಲ್ಲದಿದ್ದರೆ ನಿಮ್ಮ ನಂಬರು ಊರೆಲ್ಲ ಸುತ್ತುತ್ತಲೇ ಇರುತ್ತದೆ.