ಪಾಪ, ಅಪರಾಧ, ಮರಣದಂಡನೆ: ಒಂದು ಆನ್‌ಲೈನ್ ಕೋರ್ಸ್ ಹೇಗಿದೆ?

ಮರಣದಂಡನೆ ಬಗ್ಗೆ ಕ್ರೈಸ್ತರು ಏನೆಲ್ಲ ಹೇಳಿದ್ದಾರೆ ಅನ್ನುವುದರ ಮೇಲೆ ಎಂಟು ಪಾಠಗಳ ಒಂದು ಆನ್‌ಲೈನ್ ಕೋರ್ಸ್ ಮುಗಿಸಿದೆ. ನಾನು ಕ್ರಿಮಿನಲ್ ಕೋರ್ಟಿನಲ್ಲಿ ಬೆಂಚ್ ಕ್ಲರ್ಕ್ ಆಗಿದ್ದು ನಿವೃತ್ತಳಾದವಳು. ಭಾನುವಾರ ಚರ್ಚಿನಲ್ಲಿ ಪಾಪದ ಮಾತು, ಸೋಮವಾರದಿಂದ ಕೋರ್ಟಿನಲ್ಲಿ ಅಪರಾಧದ ಮಾತು. ಇವೆರಡೂ ಎಲ್ಲಿ ಕೂಡುತ್ತವೆ, ಎಲ್ಲಿ ಬೇರೆಯಾಗುತ್ತವೆ ಅಂತ ಯಾರಾದರೂ ಬಿಡಿಸಿ ಹೇಳಲಿ ಅನ್ನುವ ಆಸೆ ಬಹಳ ಕಾಲದಿಂದ ಇತ್ತು. ಈ ಕೋರ್ಸ್ ಆ ಕೆಲಸ ಮಾಡಿದೆ. ಎಲ್ಲ ಪಾಠಗಳೂ ಒಂದೇ ಮಟ್ಟದಲ್ಲಿಲ್ಲ. ಆದರೂ ಮೂರನೇ ಪಾಠ ಒಂದಕ್ಕಾಗಿಯೇ ಇದಕ್ಕೆ ಸೇರಬಹುದು.

ಆ ಪಾಠ ಬೆಟ್ಟದ ಪ್ರಸಂಗದಿಂದ ಶುರುವಾಗುತ್ತದೆ. ಮತ್ತಾಯ 5ರಲ್ಲಿ ಯೇಸು ಸಿಟ್ಟನ್ನೂ ಕೆಟ್ಟ ನೋಟವನ್ನೂ ಪಾಪದ ಲೆಕ್ಕಕ್ಕೆ ಸೇರಿಸುತ್ತಾನೆ. ಇವಕ್ಕೆ ಯಾವ ಠಾಣೆಯಲ್ಲೂ ಕೇಸು ಹಾಕಲು ಬರುವುದಿಲ್ಲ. ಮನಸ್ಸಿನೊಳಗಿನ ದ್ವೇಷಕ್ಕೆ ಸಾಕ್ಷಿ ಎಲ್ಲಿಂದ ತರುತ್ತೀರಿ? ಇನ್ನೊಂದು ಕಡೆ, ಚಕ್ರವರ್ತಿಯ ಮೂರ್ತಿಗೆ ಧೂಪ ಹಾಕಲು ಒಪ್ಪದ ಕ್ರೈಸ್ತರನ್ನು ರೋಮ್ ಸರ್ಕಾರ ಕೊಲ್ಲಿಸಿತು. ಸರ್ಕಾರದ ಕಣ್ಣಿಗೆ ಅದು ಅಪರಾಧ, ಸಭೆಯ ಕಣ್ಣಿಗೆ ಅವರು ಹುತಾತ್ಮರು. ಆಮೇಲೆ 13ನೇ ಶತಮಾನದ ಥಾಮಸ್ ಅಕ್ವಿನಾಸ್ ಬರುತ್ತಾನೆ. ಮನುಷ್ಯರು ಮಾಡುವ ಕಾನೂನು ಎಲ್ಲ ಕೆಟ್ಟತನವನ್ನೂ ತಡೆಯಲಾರದು, ಮುಖ್ಯವಾಗಿ ಬೇರೆಯವರಿಗೆ ಹಾನಿ ಮಾಡುವ ಕೊಲೆ, ಕಳ್ಳತನದಂಥವನ್ನು ತಡೆದರೆ ಸಾಕು ಅನ್ನುವುದು ಅವನ ವಾದ. ಅದೇ ಅಕ್ವಿನಾಸ್ ಸಮಾಜದ ಒಳಿತಿಗಾಗಿ ಮರಣದಂಡನೆ ಕೊಡಬಹುದು ಅಂತಲೂ ಹೇಳಿದ್ದಾನೆ. ಉಪನ್ಯಾಸಕರು ಎರಡನ್ನೂ ಮುಂದಿಟ್ಟರು, ಒಂದನ್ನು ಮಾತ್ರ ಹೇಳಿ ಜಾರಿಕೊಳ್ಳಲಿಲ್ಲ. ಅದು ನನಗೆ ಹಿಡಿಸಿತು.

ಅಲ್ಲಿಂದ ರಾಜ ದಾವೀದನ ಕಥೆ. ವ್ಯಭಿಚಾರ, ಮೇಲೆ ಆ ಹೆಂಗಸಿನ ಗಂಡ ಊರೀಯನ ಕೊಲೆ. ಮೋಶೆಯ ಕಾನೂನಿನಲ್ಲಿ ಎರಡಕ್ಕೂ ಸಾವೇ ಶಿಕ್ಷೆ. ದಾವೀದ ತಪ್ಪೊಪ್ಪಿಕೊಂಡಾಗ ನೀನು ಸಾಯುವುದಿಲ್ಲ ಅಂತ ಪ್ರವಾದಿ ನಾತಾನ ಹೇಳುತ್ತಾನೆ. ಆದರೆ ಮನೆತನದ ಮೇಲೆ ಬಂದ ಕೇಡು ತಪ್ಪಲಿಲ್ಲ. ಇದರ ಪಕ್ಕದಲ್ಲೇ ನಮ್ಮ ಕಾಲದ ಒಂದು ಘಟನೆ ಇಡುತ್ತಾರೆ. 1981ರಲ್ಲಿ ತನ್ನ ಮೇಲೆ ಗುಂಡು ಹಾರಿಸಿದ ಮೆಹ್ಮೆತ್ ಅಲಿ ಅಗ್ಜಾನನ್ನು ಪೋಪ್ ಎರಡನೇ ಜಾನ್ ಪಾಲ್ 1983ರಲ್ಲಿ ಜೈಲಿಗೇ ಹೋಗಿ ಭೇಟಿ ಮಾಡಿದರು. ಕ್ಷಮೆ ಅದಕ್ಕೂ ಮೊದಲೇ ಸಿಕ್ಕಿತ್ತು. ಆದರೂ ಅಗ್ಜಾ 2000ದವರೆಗೆ ಇಟಲಿಯ ಜೈಲಿನಲ್ಲೇ ಇದ್ದ. ಬಿಡುಗಡೆಯ ಆದೇಶ ಬಂದದ್ದು ಇಟಲಿಯ ಅಧ್ಯಕ್ಷರಿಂದ.

ಈ ಎರಡು ಘಟನೆ ಕೇಳಿದ ಮೇಲೆ ನಮ್ಮ ಸಭೆಗಳಲ್ಲಿ ನಡೆಯುವ ಅರ್ಧ ವಾದ ಕೈಬಿಟ್ಟು ಹೋಗುತ್ತದೆ. 'ಯೇಸು ಕ್ಷಮಿಸಿದ, ಹಾಗಾಗಿ ಗಲ್ಲು ಬೇಡ' ಅಂತ ಒಬ್ಬರು. 'ಪಾಪದ ಸಂಬಳ ಮರಣ, ಹಾಗಾಗಿ ಗಲ್ಲು ಬೇಕು' ಅಂತ ಇನ್ನೊಬ್ಬರು. ಇಬ್ಬರೂ ದೇವರ ಮುಂದಿನ ಲೆಕ್ಕವನ್ನು ತಂದು ಕೋರ್ಟಿನ ಫೈಲಿಗೆ ಸೇರಿಸುತ್ತಿದ್ದಾರೆ. ಪಾಪಕ್ಕೆ ಕ್ಷಮೆ ಸಿಕ್ಕರೂ ಶಿಕ್ಷೆ ಉಳಿಯಬಹುದು. ಆದರೆ ಆ ಶಿಕ್ಷೆ ಸಾವೇ ಆಗಬೇಕಾ? ಅದನ್ನು ಬೇರೆಯಾಗಿ ಕೇಳಿಕೊಳ್ಳಬೇಕು.

ಮರಣದಂಡನೆ ಬೇಕು ಅನ್ನುವವರ ಪಾಠವೂ ಚೆನ್ನಾಗಿದೆ. ಮನುಷ್ಯನ ರಕ್ತ ಸುರಿಸಿದವನ ರಕ್ತವನ್ನು ಮನುಷ್ಯರೇ ಸುರಿಸಬೇಕು ಅನ್ನುವ ಆದಿಕಾಂಡ 9:6ರ ಮಾತು ಮೋಶೆಗಿಂತ ಮೊದಲು ನೋಹನಿಗೆ ಸಿಕ್ಕಿದ್ದು, ಹಾಗಾಗಿ ಅದು ಎಲ್ಲ ಮನುಷ್ಯರಿಗೂ ಅನ್ವಯ ಅನ್ನುತ್ತಾರೆ. ರೋಮಾಪುರದವರಿಗೆ ಬರೆದ ಪತ್ರಿಕೆ 13ರಲ್ಲಿ ಅಧಿಕಾರಿಯ ಕೈಯಲ್ಲಿ ಕತ್ತಿ ಇದೆ. ಸಾವಿಗೆ ತಕ್ಕ ತಪ್ಪು ಮಾಡಿದ್ದರೆ ಸಾಯಲು ಹಿಂಜರಿಯುವುದಿಲ್ಲ ಅಂತ ಆ ಪತ್ರಿಕೆ ಬರೆದ ಪೌಲನೇ ಅಪೊಸ್ತಲರ ಕೃತ್ಯಗಳಲ್ಲಿ ಹೇಳುತ್ತಾನೆ. ಯೇಸುವಿನ ಪಕ್ಕದ ಶಿಲುಬೆಯ ಮೇಲಿದ್ದ ಕಳ್ಳನಿಗೆ ಪರದೈಸು, ಅಂದರೆ ಸ್ವರ್ಗ, ಸಿಕ್ಕಿತು, ಆದರೆ ಯಾರೂ ಅವನನ್ನು ಕೆಳಗಿಳಿಸಲಿಲ್ಲ. ಈ ಕೊನೆಯ ಮಾತು ನನ್ನನ್ನು ತುಂಬಾ ಯೋಚನೆಗೆ ಹಚ್ಚಿತು. ನಾನು ಮರಣದಂಡನೆ ಬೇಡ ಅನ್ನುವವಳು. ಆದರೂ ಎದುರು ಪಕ್ಷವನ್ನು ಇಷ್ಟು ಗೌರವದಿಂದ ಕೇಳಿಸಿದ್ದಕ್ಕೆ ಉಪನ್ಯಾಸಕರಿಗೆ ಥ್ಯಾಂಕ್ಸ್ ಹೇಳಬೇಕು.

ನನ್ನ ಅಭಿಪ್ರಾಯಕ್ಕೆ ಕಾರಣ ಸಾಕ್ಷಿಕಟ್ಟೆ. ಧರ್ಮೋಪದೇಶಕಾಂಡ 17ರ ಪ್ರಕಾರ ಒಬ್ಬನ ಸಾಕ್ಷಿಯ ಮೇಲೆ ಯಾರನ್ನೂ ಕೊಲ್ಲುವಂತಿಲ್ಲ, ಇಬ್ಬರೋ ಮೂವರೋ ಬೇಕು. ಕಲ್ಲೆಸೆದು ಕೊಲ್ಲುವಾಗ ಮೊದಲ ಕಲ್ಲನ್ನು ಸಾಕ್ಷಿ ಹೇಳಿದವರೇ ಎತ್ತಬೇಕು. 19ನೇ ಅಧ್ಯಾಯದಲ್ಲಿ ಸುಳ್ಳು ಸಾಕ್ಷಿಗೆ ಅದೇ ಶಿಕ್ಷೆ ತಿರುಗಿ ಬೀಳುತ್ತದೆ. ಯೋಹಾನ 8ರಲ್ಲಿ ವ್ಯಭಿಚಾರದಲ್ಲಿ ಸಿಕ್ಕಿಬಿದ್ದ ಹೆಂಗಸನ್ನು ಎಳೆದು ತಂದವರಿಗೆ ಯೇಸು ಪಾಪವಿಲ್ಲದವನು ಮೊದಲ ಕಲ್ಲು ಹಾಕಲಿ ಅಂದಾಗ ಈ ನಿಯಮ ಹಿನ್ನೆಲೆಯಲ್ಲಿದೆ. ಯಾಜಕಕಾಂಡ 20:10ರಂತೆ ಗಂಡಸಿಗೂ ಶಿಕ್ಷೆ ಆಗಬೇಕಲ್ವಾ? ಅವನೆಲ್ಲಿ? ಒಬ್ಬ ಆರೋಪಿಯನ್ನು ಬಿಟ್ಟು ಇನ್ನೊಬ್ಬಳನ್ನು ಮಾತ್ರ ಎಳೆದು ತಂದ ಕೇಸು ಅದು. ಈ ಭಾಗ ತುಂಬಾ ಹಳೆಯ ಹಸ್ತಪ್ರತಿಗಳಲ್ಲಿ ಇಲ್ಲ ಅನ್ನುವುದನ್ನೂ ಪಾಠದಲ್ಲಿ ಮುಚ್ಚಿಟ್ಟಿಲ್ಲ. ಆದರೆ ಸಾಕ್ಷಿ ನಿಯಮಗಳಿಗೆ ಸಿಕ್ಕಿದ್ದು ಒಂದೇ ಸ್ಲೈಡ್. ನನ್ನ ಪ್ರಕಾರ ಅದಕ್ಕೇ ಒಂದು ಪೂರ್ತಿ ಪಾಠ ಬೇಕಿತ್ತು. ಸಾಕ್ಷಿಗಳು ಕಂಡದ್ದನ್ನೂ ಕೇಳಿದ್ದನ್ನೂ ಬೆರೆಸಿ ಹೇಳುವುದನ್ನು ಹತ್ತಿರದಿಂದ ನೋಡಿದವಳು ನಾನು.

ಐದನೇ ಪಾಠ, ಅಂದರೆ ಚರಿತ್ರೆಯ ಪಾಠ, ಬೇಸರ ತಂದಿತು. ಸುಮ್ನೆ ಓಡಿಸಿಕೊಂಡು ಹೋಗಿದ್ದಾರೆ. ಒಬ್ಬ ಪಾದ್ರಿಯನ್ನು ಕೊಂದವರಿಗೂ ಸಾವಿನ ಶಿಕ್ಷೆ ಬೇಡ ಅಂತ ಸಂತ ಅಗಸ್ಟೀನ್ ಅಧಿಕಾರಿ ಮಾರ್ಸೆಲಿನಸ್‌ಗೆ ಬರೆದ ಪತ್ರ ಇದೆ, ಸರಿ. ಆದರೆ 1553ರಲ್ಲಿ ಜಿನೀವಾದಲ್ಲಿ ಮೈಕಲ್ ಸರ್ವೇಟಸ್‌ನನ್ನು ತ್ರಿತ್ವದ (ತಂದೆ, ಮಗ, ಪವಿತ್ರಾತ್ಮ ಮೂವರೂ ಒಂದೇ ದೇವರು ಅನ್ನುವ ನಂಬಿಕೆಯ) ಬಗ್ಗೆ ಬೇರೆ ಮಾತಾಡಿದ್ದಕ್ಕೆ ಸುಟ್ಟದ್ದು ಎರಡು ವಾಕ್ಯದಲ್ಲಿ ಮುಗಿಯಿತು. ಪಾಪವನ್ನು ಅಪರಾಧ ಮಾಡಿದರೆ ಏನಾಗುತ್ತದೆ ಅನ್ನುವುದಕ್ಕೆ ಇದಕ್ಕಿಂತ ಬೇರೆ ಉದಾಹರಣೆ ಬೇಕಾ? ಪೋಪರ ರಾಜ್ಯದಲ್ಲೇ 1796ರಿಂದ 1864ರವರೆಗೆ ಮಾಸ್ತ್ರೊ ತಿತ್ತ ಅನ್ನುವ ಹೆಸರಿನ ಒಬ್ಬನೇ ವಧಕಾರ 516 ಜನರಿಗೆ ಶಿಕ್ಷೆ ಜಾರಿ ಮಾಡಿದ್ದ. ಅದರ ಸುದ್ದಿಯೇ ಇಲ್ಲ. 2018ರಲ್ಲಿ ಪೋಪ್ ಫ್ರಾನ್ಸಿಸ್ ಕ್ಯಾಟಕಿಸಂನ, ಅಂದರೆ ಕ್ಯಾಥೊಲಿಕ್ ಸಭೆಯ ಅಧಿಕೃತ ಬೋಧನೆಯ ಪುಸ್ತಕದ, 2267ನೇ ಪರಿಚ್ಛೇದ ಬದಲಿಸಿ ಮರಣದಂಡನೆ ಒಪ್ಪತಕ್ಕದ್ದಲ್ಲ ಅಂದದ್ದು ಎಷ್ಟು ದೊಡ್ಡ ಹೆಜ್ಜೆ ಅಂತ ತಿಳಿಯಬೇಕಾದರೆ ಹಿಂದಿನದನ್ನು ಧೈರ್ಯವಾಗಿ ಹೇಳಲೇಬೇಕು.

ಇನ್ನೊಂದು ಕೊರತೆ ನನ್ನ ಮನಸ್ಸಿಗೆ ಜಾಸ್ತಿ ನಾಟಿತು. ಎಂಟೂ ಪಾಠಗಳಲ್ಲಿ ಕೊಲೆಯಾದವರ ಮನೆಯವರ ಮಾತಿಲ್ಲ. ಕ್ಷಮಿಸಬೇಕು ಅಂತ ಕ್ರೈಸ್ತರು ಅವರಿಗೆ ಉಪದೇಶ ಮಾಡುವುದು ಬಹಳ ಬೇಗ. ಕ್ಷಮೆ ಅವರಾಗಿ ಕೊಡಬೇಕಾದದ್ದು, ನಾವು ಕೇಳಿ ಪಡೆಯುವಂಥದ್ದಲ್ಲ. ಶಿಕ್ಷೆ ಕೊಡಿಸುವ ಭಾರ ಸರ್ಕಾರದ್ದು ಅನ್ನುವುದರಿಂದ ಅವರ ಮೇಲಿನ ಹೊರೆ ಸ್ವಲ್ಪ ಇಳಿಯುತ್ತದೆ. ಮುಯ್ಯಿ ತೀರಿಸುವುದು ನನ್ನ ಕೆಲಸ ಅಂತ ಕರ್ತನು ಹೇಳುವ ಮಾತು ರೋಮಾಪುರದವರಿಗೆ 12ರಲ್ಲಿ, ಕತ್ತಿಯ ಅಧ್ಯಾಯಕ್ಕೆ ಸ್ವಲ್ಪ ಮೊದಲೇ ಇದೆ. ಎರಡನ್ನೂ ಒಟ್ಟಿಗೆ ಓದಿಸಿದ್ದರೆ ಎಷ್ಟು ಚೆನ್ನಾಗಿರುತ್ತಿತ್ತು.

ಕನ್ನಡ ಸಬ್‌ಟೈಟಲ್ ಪರವಾಗಿಲ್ಲ, ಹೆಸರುಗಳಲ್ಲಿ ಮಾತ್ರ ತಪ್ಪುಗಳಿವೆ. ಕ್ವಿಜ್ ದಂಡ. ವಚನದ ಸಂಖ್ಯೆ ನೆನಪಿದೆಯಾ ಅಂತ ಕೇಳುತ್ತಾರೆ ಅಷ್ಟೆ. ಸೇರುವವರು ಬೈಬಲ್ ಪಕ್ಕದಲ್ಲಿಟ್ಟುಕೊಂಡು ಮೂರನೇ ಪಾಠದಿಂದ ಶುರು ಮಾಡಿ, ನಾಲ್ಕು ನೋಡಿ, ಆಮೇಲೆ ಒಂದಕ್ಕೆ ಬನ್ನಿ. ಸಾಧ್ಯವಾದರೆ ನಿಮ್ಮ ಅಭಿಪ್ರಾಯ ಒಪ್ಪದ ಒಬ್ಬರನ್ನು ಜೊತೆಗೆ ಕೂರಿಸಿಕೊಳ್ಳಿ. ಐದು ನಕ್ಷತ್ರಕ್ಕೆ ನಾಲ್ಕು ಕೊಡುತ್ತೇನೆ. ಕೊಲೆಯಾದವರ ಮನೆಯವರ ಬಗ್ಗೆ ಒಂದು ಪಾಠ ಸೇರಿಸಿದರೆ ಉಳಿದ ಒಂದನ್ನೂ ಕೊಡುತ್ತೇನೆ.